ಕಾಗದದ ಮೀನಿಗೆ ಹೆಸರು

ಅಪ್ಪ ಬೇಕೆಂದೇ ಹಾಗೆ ಹೇಳಿದ್ದೇ? ಬಂಗುಡೆ ಮೀನನ್ನು ಬೂತಾಯಿ ಮೀನು ಎನ್ನುವುದು ಬಾಯಿ ತಪ್ಪಿ ಬರುವ ಮಾತಲ್ಲ. ಬೂತಾಯಿಗೆ ದೊಡ್ಡ ಹುರುಪೆ. ಬಂಗುಡೆಗೆ ಬಾಲದ ಹತ್ತಿರ ಬಾಚಣಿಗೆಯ ಹಲ್ಲಿನಂಥ ಸಣ್ಣ ಸಣ್ಣ ರೆಕ್ಕೆಗಳು. ಆ ಹಲ್ಲು ಒಂದೊಂದೂ ಕಾಗದಕ್ಕೆ ಇಳಿದಿತ್ತು. ಮೂವತ್ತು ವರ್ಷ ಕಡಲಿಗೆ ಹೋದವರಿಗೆ ಅದು ತಿಳಿಯದೆ ಹೋಗುವುದುಂಟೇ? ಹಾಗಾದರೆ ಇದು ತಮಾಷೆ. ಆದರೆ ತಮಾಷೆ ಮಾಡಿದವರು ಕೊನೆಗಾದರೂ ನಗಬೇಕಿತ್ತು. ಅಪ್ಪ ನಗಲಿಲ್ಲ.

ಜಿತೇಶ್ ಕಾಗದಗಳನ್ನು ಸುತ್ತಿ ಕಪಾಟಿನ ಮೇಲೆ ಇಡುತ್ತಾ ಇದನ್ನೇ ತಿರುಗಾ ಮುರುಗಾ ಯೋಚಿಸುತ್ತಿದ್ದ. ಸೆಪ್ಟೆಂಬರಿನ ಭಾನುವಾರ. ಗಾಳಿ ಜೋರಾಗಿದ್ದುದರಿಂದ ಮಲ್ಪೆಯಿಂದ ಬೋಟುಗಳು ಹೊರಟಿರಲಿಲ್ಲ. ಅಪ್ಪ ಶೇಖರ ಮನೆಯಲ್ಲಿದ್ದರು. ಹಿಂಡಿನ ಸುತ್ತ ಬಲೆ ಹಾಕುವ ಪರ್ಸೀನ್ ಬೋಟಿನ ತಾಂಡೇಲ ಅವರು. ಬೋಟಿನ ಮುಂದೆ ನಿಂತು, ನೀರಿನ ಬಣ್ಣ ನೋಡಿ, ಮೀನಿನ ಹಿಂಡು ಎಲ್ಲಿದೆ, ಬಲೆ ಎಲ್ಲಿ ಬಿಡಬೇಕು ಎಂದು ಹೇಳುವ ಮನುಷ್ಯ. ಅವರ ಒಂದು ಮಾತಿಗೆ ಮೂವತ್ತು ಜನ ಬಲೆ ಬಿಡುತ್ತಾರೆ. ಬೋಟಿನ ಮಾಲಕ ಹರ್ಷಿತ್ ಮೀನು ತೋರಿಸುವ ಮೆಷಿನು ತಂದು ಇಟ್ಟ ಮೇಲೂ, ಮೆಷಿನು ತೋರಿಸಿದ್ದನ್ನು ಶೇಖರ ತಾಂಡೇಲ ಒಪ್ಪಿದ ಮೇಲೆಯೇ ಬಲೆ.

ಅಂಥವರ ಮುಂದೆ ಆ ಮಧ್ಯಾಹ್ನ ಚಾವಡಿಯಲ್ಲಿ ಜಿತೇಶ್ ಮೂರು ಕಾಗದಗಳನ್ನು ಹಾಸಿದ್ದ. ಮೂರರಲ್ಲೂ ಒಂದೊಂದು ಮೀನಿನ ಅಚ್ಚು. ಹೆಸರು ಹೇಳಿ, ಬರೆದುಕೊಳ್ಳುತ್ತೇನೆ ಎಂದಿದ್ದ. ಅಪ್ಪ ಮೊದಲನೆಯದನ್ನು ಎತ್ತಿ ಹತ್ತಿರ ಹಿಡಿದರು, ದೂರ ಹಿಡಿದರು, ಬಟ್ಟೆಯ ಗುಣ ನೋಡುವವರ ಹಾಗೆ ಹೆಬ್ಬೆರಳಿನಿಂದ ತಿಕ್ಕಿದರು.

"ಬೂತಾಯಿ. ಒಳ್ಳೆ ಸೈಜು ಉಂಟು."

ಎರಡನೆಯದು ಕೇದರ್. ಅದನ್ನು ಅಂಜಲ್ ಎಂದರು. ಮೂರನೆಯದು ಮುರು ಮೀನು. ಅದನ್ನು ಕೊಡ್ಡಾಯಿ ಎಂದರು. ಮೆಟ್ಟಿಲ ಮೇಲೆ ಕೂತು ಕಸ ಗುಡಿಸುವ ಹಿಡಿಕಡ್ಡಿ ಕಟ್ಟುತ್ತಿದ್ದ ಅಜ್ಜಿ ಜೋರಾಗಿ ನಕ್ಕರು. ಸರಿಯಾಗಿ ಹೇಳಿದೆ ಮಗನೇ, ಮೀನಿಗೆ ಮಸಿ ಮೆತ್ತುವವನಿಗೆ ಅದೇ ಸರಿ ಎಂದರು. ಒಳಗಿನಿಂದ ಬಂದ ಅಮ್ಮ ಕುಶಲಾ ಮಾತ್ರ, ಚಾ ಆರುತ್ತದೆ ಎಂದು ಲೋಟವನ್ನು ಅಪ್ಪನ ಕೈಗೇ ಹಿಡಿಸಿ ಹೋದರು.

ಜಿತೇಶ್ ಆ ಮೂರು ಮಾತನ್ನೂ ಹಾಗೆಯೇ ನೋಟ್ಬುಕ್ಕಿನಲ್ಲಿ ಬರೆದುಕೊಂಡ. ಸಿಟ್ಟಿನಲ್ಲಿ ಬರೆದದ್ದು.

ಈ ಮೀನಿನ ಹುಚ್ಚು ಶುರುವಾದದ್ದು ಜೂನಿನಲ್ಲಿ. ಅಲ್ಲಿಯ ತನಕ ಅವನು ಉಡುಪಿಯ ಚಿತ್ರಕಲಾ ಕಾಲೇಜಿನಲ್ಲಿ ಎಲ್ಲರ ಹಾಗೆ ತೆಂಗಿನ ಮರ, ದೀಪಸ್ತಂಭ, ಹಳೆಯ ಬಾಗಿಲು ಬರೆಯುತ್ತಿದ್ದ. ಮೀನು ಬರೆದವನಲ್ಲ. ಅಮ್ಮ ಕಾಪು ಮಾರ್ಕೆಟಿನಲ್ಲಿ ಮೀನು ಮಾರುತ್ತಾರೆ ಎಂದು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಹೊರಡುವ ಮೊದಲು ಎರಡು ಸಲ ಸಾಬೂನು ಹಾಕಿ ಕೈ ತೊಳೆಯುತ್ತಿದ್ದ. ಅಮ್ಮನ ಬುಟ್ಟಿ ಬಸ್ಸಿನ ಹಿಂದೆ ಇದ್ದರೆ ಅವನು ಮುಂದೆ ನಿಲ್ಲುತ್ತಿದ್ದ.

ಜೂನಿನಲ್ಲಿ ಮಣಿಪಾಲಕ್ಕೆ ಜಪಾನಿನಿಂದ ಒಬ್ಬ ಕಲಾವಿದೆ ಬಂದರು. ವಯಸ್ಸು ಅರುವತ್ತರ ಮೇಲೆ. ಮೂರು ದಿನದ ಶಿಬಿರ. ಮೊದಲ ದಿನ ಅವರು ಮೇಜಿನ ಮೇಲೆ ಒಂದು ಮೀನು ಮಲಗಿಸಿ, ಉಪ್ಪು ಹಾಕಿ ಲೋಳೆ ತೊಳೆದು, ರೆಕ್ಕೆಗಳನ್ನು ಸೂಜಿಯಿಂದ ಬಿಡಿಸಿ ನಿಲ್ಲಿಸಿ, ಮೈಗೆ ಮಸಿ ಹಚ್ಚಿ, ಮೇಲೆ ತೆಳ್ಳನೆಯ ಕಾಗದ ಹಾಸಿ ಬೆರಳಿನಿಂದ ಒತ್ತಿದರು. ಕಾಗದ ಎತ್ತಿದಾಗ ಮೀನು ಬಂದಿತ್ತು. ಕಣ್ಣು ಮಾತ್ರ ಖಾಲಿ. ಅದನ್ನು ಕೊನೆಗೆ ಕುಂಚದಲ್ಲಿ ಬರೆಯುವುದು ಎಂದರು. ಇದಕ್ಕೆ ಗ್ಯೋತಾಕು ಎಂದು ಹೆಸರಂತೆ. ಹಿಂದೆ ಅವರ ದೇಶದ ಮೀನುಗಾರರು ತಾವು ಹಿಡಿದ ಒಳ್ಳೆಯ ಮೀನಿನ ಅಚ್ಚು ಹೀಗೆ ತೆಗೆದು, ಪಕ್ಕದಲ್ಲಿ ಮೀನಿನ ಹೆಸರು, ತೂಕ, ಹಿಡಿದವನ ಹೆಸರು ಬರೆದು ಮನೆಯ ಗೋಡೆಗೆ ಹಾಕುತ್ತಿದ್ದರಂತೆ. ಹಿಡಿದವನ ಮಾತು ಇಲ್ಲದಿದ್ದರೆ ಅದು ಬರೀ ಮಸಿ ಎಂದರು ಆಕೆ.

ಜಿತೇಶನಿಗೆ ಅವತ್ತು ಊಟ ಸೇರಲಿಲ್ಲ. ತಮ್ಮ ಮನೆಯ ಗೋಡೆಯಲ್ಲಿ ಅಜ್ಜನ ಫೋಟೋ ಉಂಟು, ಎರಡು ಕ್ಯಾಲೆಂಡರ್ ಉಂಟು. ದಿನಾ ಮನೆಗೆ ಬರುವ ಮೀನು ಗೋಡೆಗೆ ಏರಬಹುದು ಎಂದು ಅವನು ಯೋಚಿಸಿಯೇ ಇರಲಿಲ್ಲ. ಎಲ್ಲೋ ಒಂದು ದೇಶದಲ್ಲಿ ಅಪ್ಪನಂಥವರು ಅದನ್ನು ಮಾಡಿದ್ದರು. ಅಲ್ಲಿಯವರು ಮರ್ಯಾದೆ ಕೊಟ್ಟದ್ದಕ್ಕೆ ತಾನು ಕೈ ತೊಳೆಯುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯೋ ಸಂತೋಷವೋ ಅವನಿಗೆ ಸರಿಯಾಗಿ ತಿಳಿಯಲಿಲ್ಲ.

ಹೋಗುವ ಮೊದಲು ಆಕೆ ಒಂದು ಕಟ್ಟು ಕಾಗದ ಬಿಟ್ಟುಹೋದರು. ಮುಂದಿನ ಏಪ್ರಿಲಿನಲ್ಲಿ ಒಬ್ಬ ವಿದ್ಯಾರ್ಥಿಯನ್ನು ಎರಡು ತಿಂಗಳು ತಮ್ಮಲ್ಲಿಗೆ ಕರೆಸಿಕೊಳ್ಳುವುದಾಗಿ ಕಾಲೇಜಿನ ಟ್ರೆವರ್ ಸರ್ ಹತ್ತಿರ ಹೇಳಿಯೂ ಹೋದರು. ಅಕ್ಟೋಬರಿನಲ್ಲಿ ಮಣಿಪಾಲದಲ್ಲಿ ಪ್ರದರ್ಶನ. ಅದರ ಫೋಟೋಗಳನ್ನು ಸರ್ ಕಳಿಸಬೇಕು. ನೋಡಿ ಆಕೆ ಆರಿಸುತ್ತಾರೆ.

ಜಿತೇಶ್ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಿನಲ್ಲಿ ಕಡಲು ತೆರೆದ ಮೇಲೆ ಮನೆಯ ಬೆಳಗು ಬದಲಾಯಿತು. ಅಪ್ಪ ಕತ್ತಲೆಯಲ್ಲೇ ಬೋಟಿಗೆ ಹೋಗಿರುತ್ತಿದ್ದರು. ಅಮ್ಮ ಮಲ್ಪೆಯಿಂದ ಮೀನು ಹಾಕಿಸಿಕೊಂಡು ಏಳು ಗಂಟೆಗೆ ಮನೆಯ ಹತ್ತಿರ ಟೆಂಪೋ ನಿಲ್ಲಿಸಿ, ಸಾರಿಗೆ ನಾಲ್ಕು ಮೀನು ಇಳಿಸಿ ಮಾರ್ಕೆಟಿಗೆ ಹೋಗುವರು. ಆ ನಾಲ್ಕರಲ್ಲಿ ಒಳ್ಳೆಯದನ್ನು ಜಿತೇಶ್ ಎತ್ತಿಕೊಳ್ಳುವನು. ಅಜ್ಜಿ ಕತ್ತಿ ಮಣೆ ಮುಂದೆ ಕಾಯುವರು.

ಮೊದಲು ಅಂಗಡಿಯ ಮಸಿ ಹಚ್ಚಿದ. ಆ ಮೀನನ್ನು ಅಜ್ಜಿ ತೆಂಗಿನ ಬುಡಕ್ಕೆ ಎಸೆದು, ಅವತ್ತು ಎಲ್ಲರಿಗೂ ಒಣಮೀನಿನ ಚಟ್ನಿ ಮತ್ತು ಗಂಜಿ ಹಾಕಿದರು. ಮಸಿ ತಿನ್ನಿಸಿ ಕೊಲ್ಲಬೇಡ ಎಂದು ಅವನಿಗೆ, ಇವನನ್ನು ಹೀಗೇ ಬಿಡಬೇಡ ಎಂದು ಅಮ್ಮನಿಗೆ ಹೇಳಿದರು. ದಾರಿ ತೋರಿಸಿದವರು ಅಮ್ಮ. ಕಪ್ಪೆ ಬೊಂಡಾಸ್ ಎಂಬ ಮೀನಿನ ಹೊಟ್ಟೆಯಲ್ಲಿ ಒಂದು ಕರೀ ಶಾಯಿಯ ಚೀಲ ಇರುತ್ತದೆ. ಮಾರ್ಕೆಟಿನಲ್ಲಿ ಅದನ್ನು ಬಿಸಾಡುತ್ತಾರೆ. ಅಮ್ಮ ಎಂಟು ಹತ್ತು ಚೀಲಗಳನ್ನು ಐಸಿನ ಡಬ್ಬಿಯಲ್ಲಿ ಇಟ್ಟು ತಂದರು.

"ಇದು ಹಚ್ಚು. ತೊಳೆದರೆ ಹೋಗುತ್ತದೆ. ಮೀನೂ ಹಾಳಾಗುವುದಿಲ್ಲ."

"ಜಪಾನಿನವರು ಇದನ್ನು ಹಚ್ಚುವುದಿಲ್ಲವಲ್ಲ ಅಮ್ಮ."

"ಅವರು ಕಾಪು ಮಾರ್ಕೆಟಿಗೆ ಬರುವುದೂ ಇಲ್ಲ."

ಆಮೇಲೆ ಅಚ್ಚು ತೆಗೆದ ಮೀನೇ ಸಾರಾಯಿತು. ಅರ್ಧ ಗಂಟೆ ತಡವಾಗುತ್ತದೆ ಎಂಬ ಅಜ್ಜಿಯ ದೂರು ಮಾತ್ರ ನಿಲ್ಲಲಿಲ್ಲ. ಅಚ್ಚಿನ ಪಕ್ಕ ಬರೆಯಲು ಹಿಡಿಯುವವನ ಮಾತು ಬೇಕಿತ್ತು. ಆ ಭಾನುವಾರ ಅಪ್ಪನ ಮುಂದೆ ಕಾಗದ ಹಾಸಿದ್ದು ಅದಕ್ಕೇ.

ಅದಾದ ಮೇಲೆ ಹತ್ತು ದಿನ ಅವನು ಅಪ್ಪನ ಹತ್ತಿರ ಮಾತಾಡಲಿಲ್ಲ. ಚಾರ್ಜರ್ ಎಲ್ಲುಂಟು ಎಂದು ಅಪ್ಪನನ್ನು ಕೇಳಬೇಕಾದದ್ದನ್ನು ಅಜ್ಜಿಯ ಮೂಲಕ ಕೇಳಿದ. ಅಜ್ಜಿ ಕೂತಲ್ಲಿಂದಲೇ, ನಿನ್ನ ಮಗ ಕೇಳುತ್ತಾನೆ, ನಿನ್ನ ಅಪ್ಪ ಹೇಳುತ್ತಾನೆ ಎಂದು ಎರಡೂ ಕಡೆ ದಾಟಿಸಿದರು. ಅಪ್ಪ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಅವರು ಇತ್ತೀಚೆಗೆ ಬೇರೆಯೇ ಆಗಿದ್ದರು. ಸ್ಕೂಟರ್ ಮುಟ್ಟುತ್ತಿರಲಿಲ್ಲ, ಬೋಟಿನ ಕೆಲಸದ ಕರಿಬಸವನ ಬೈಕಿನ ಹಿಂದೆ ಕೂತು ಹೋಗಿ ಬರುತ್ತಿದ್ದರು. ಸಕ್ಕರೆ ಕಾಯಿಲೆ ಇದ್ದುದರಿಂದ ಕಾಲು ಜುಮ್ಮೆನ್ನುತ್ತದೆ ಎಂದು ಕಾರಣ. ಊಟಕ್ಕೆ ಕೂತರೆ ಅಮ್ಮ ಬಟ್ಟಲು ಇಡುತ್ತಾ ಸಣ್ಣಗೆ ಹೇಳುವರು: ಸಾರು ಬಲಕ್ಕೆ, ಮೀನು ಮೇಲೆ, ಮುಳ್ಳು ತೆಗೆದಿದ್ದೇನೆ.

"ಇನ್ನು ಬಾಯಿಗೂ ಇಡು ನಿನ್ನ ಗಂಡನಿಗೆ" ಎಂದು ಅಜ್ಜಿ ಚುಚ್ಚಿದರು. "ನನ್ನ ಗಂಡನಿಗೆ ನಾನು ಮುಳ್ಳು ತೆಗೆದುಕೊಟ್ಟವಳಲ್ಲ."

"ನಿಮ್ಮ ಕಾಲ ಬೇರೆ ಅತ್ತೆ" ಎಂದಷ್ಟೇ ಅಮ್ಮ ಹೇಳಿದರು.

ಹನ್ನೊಂದನೆಯ ದಿನ ಜಿತೇಶನಿಗೆ ತಡೆಯಲಿಲ್ಲ. ಎಲ್ಲರೂ ಊಟಕ್ಕೆ ಕೂತಿದ್ದರು.

"ಅಪ್ಪ, ನಾನು ಮಾಡುವುದು ಹುಡುಗಾಟ ಅಂತ ಇದ್ದರೆ ನೇರ ಹೇಳಿ."

"ಯಾರು ಹೇಳಿದ್ದು ಹುಡುಗಾಟ ಅಂತ?"

"ಬಂಗುಡೆಯನ್ನು ಬೂತಾಯಿ ಅಂದಿರಿ."

ಅಪ್ಪನ ಕೈ ಅನ್ನದಲ್ಲಿ ನಿಂತಿತು. "ಅಂದೆನಾ?"

"ಬರೆದಿಟ್ಟಿದ್ದೇನೆ."

"ಬರೆದಿಟ್ಟದ್ದು ಇರಲಿ. ಕಾಗದ ನಿನ್ನದು."

"ಕಾಗದದ ಮೀನಿಗೆ ಯಾವ ಹೆಸರಿಟ್ಟರೆ ಎಂತ?" ಎಂದರು ಅಜ್ಜಿ. "ಅದನ್ನು ಬೇಯಿಸಲಿಕ್ಕೆ ಉಂಟಾ?"

ಜಿತೇಶ್ ಅಜ್ಜಿಯ ಕಡೆ ನೋಡಲಿಲ್ಲ. "ಜಪಾನಿನಲ್ಲಿ ಮೀನು ಹಿಡಿಯುವವನ ಮಾತಿಗೆ ಬೆಲೆ ಉಂಟು. ಇಲ್ಲಿ ಹಿಡಿಯುವವನಿಗೇ ತನ್ನ ಮಾತಿನ ಬೆಲೆ ಗೊತ್ತಿಲ್ಲ."

ಅಪ್ಪ ಎದ್ದರು. ಹೊಸ್ತಿಲ ಹತ್ತಿರ ಇಟ್ಟಿದ್ದ ನೀರಿನ ಚೆಂಬು ಅವರ ಕಾಲಿಗೆ ತಾಗಿ ಉರುಳಿ ಚಾವಡಿಯ ತನಕ ನೀರಾಯಿತು. ಸಿಟ್ಟಿನಲ್ಲಿ ಒದ್ದರು ಎಂದುಕೊಂಡ ಜಿತೇಶ್. ಅಮ್ಮ ಒರೆಸುವ ಬಟ್ಟೆ ತಂದು ನೆಲ ಒರೆಸುತ್ತಾ, ಚೆಂಬು ಅಲ್ಲಿ ಇಟ್ಟದ್ದು ಯಾರು ಎಂದು ಮಾತ್ರ ಕೇಳಿದರು.

ಮರುದಿನ ಕಾಲೇಜಿನಲ್ಲಿ ಟ್ರೆವರ್ ಸರ್ ಅವನ ಅಚ್ಚುಗಳನ್ನು ಮೇಜಿನ ಮೇಲೆ ಹರವಿ ಬಹಳ ಹೊತ್ತು ನೋಡಿದರು. ಕೈ ಚೆನ್ನಾಗಿದೆ ಎಂದರು. ಆದರೆ ಇದು ಜಪಾನಿನದ್ದು, ಇದರಲ್ಲಿ ನಿನ್ನದು ಎಂತ ಉಂಟು ಎಂದು ಕೇಳಿದರು. ಜಿತೇಶ್ ಬೊಂಡಾಸಿನ ಶಾಯಿಯ ವಿಷಯ ಹೇಳಿದ. ಸರ್ ತಲೆ ಅಲ್ಲಾಡಿಸಿದರು, ಸಾಲದು ಎಂಬಂತೆ. ಆಗ ಬಾಯಿಗೆ ಬಂದು, ಅಪ್ಪ ಮೂರಕ್ಕೆ ಮೂರೂ ತಪ್ಪು ಹೆಸರು ಹೇಳಿ ಗೇಲಿ ಮಾಡಿದ್ದನ್ನೂ ಹೇಳಿಬಿಟ್ಟ. ನೋಟ್ಬುಕ್ಕು ತೋರಿಸಿದ.

ಸರ್ ನೋಟ್ಬುಕ್ಕು ಕೆಳಗಿಡಲೇ ಇಲ್ಲ.

"ಇದೇ ಮಾರಾಯ. ಒಬ್ಬ ತಾಂಡೇಲ ಮಗನ ಕಲೆಗೆ ಬೇಕೆಂದೇ ತಪ್ಪು ಸಾಕ್ಷಿ ಹೇಳುತ್ತಾನೆ. ಅವರ ಮಾತನ್ನು ಅವರ ಹೆಸರಿನ ಜೊತೆ ಹಾಗೆಯೇ ಹಾಕು. ಬೇರೆ ವಿವರಣೆ ಬೇಡ. ಜಪಾನಿನ ಆಕೆ ನೋಡಿದರೆ ನಿನ್ನನ್ನು ಬಿಟ್ಟು ಬೇರೆಯವರನ್ನು ಕರೆಯುವುದಿಲ್ಲ."

ಜಿತೇಶನಿಗೆ ಒಮ್ಮೆ ಸರಿ ಎನಿಸಿತು, ಒಮ್ಮೆ ಏನೋ ಕಸಿವಿಸಿ. ಗೇಲಿ ಮಾಡಿದವರು ಅಪ್ಪ, ಬರೆದವನು ತಾನು, ಇದರಲ್ಲಿ ತಪ್ಪೇನು ಎಂದುಕೊಂಡ. ಉಡುಪಿಯಲ್ಲಿ ಕಾರ್ಡು ಪ್ರಿಂಟ್ ಮಾಡಿಸಿದ. 'ಬೂತಾಯಿ — ಶೇಖರ ತಾಂಡೇಲ, ಕಾಪು.' 'ಅಂಜಲ್ — ಶೇಖರ ತಾಂಡೇಲ, ಕಾಪು.' 'ಕೊಡ್ಡಾಯಿ — ಶೇಖರ ತಾಂಡೇಲ, ಕಾಪು.'

ಅದೇ ವಾರ ಅಪ್ಪನ ಬೋಟಿನ ಬಲೆ ಕಡಲೊಳಗಿನ ಕಲ್ಲಿಗೆ ಸಿಕ್ಕಿ ಹರಿಯಿತು. ಕಪ್ಪಾಗಿ ಕಂಡದ್ದು ಮೀನಿನ ಹಿಂಡು ಎಂದು ಅಪ್ಪ ಬಲೆ ಬಿಡಿಸಿದ್ದರು. ಅದು ಕಲ್ಲಿನ ನೆರಳು. ಮೆಷಿನು ಸರಿಯಾಗಿಯೇ ತೋರಿಸಿತ್ತಂತೆ. ಹರ್ಷಿತ್ ಮನೆಗೆ ಬಂದು ಚಾವಡಿಯಲ್ಲಿ ಕೂತು ಮಜ್ಜಿಗೆ ಕುಡಿದ. ವಯಸ್ಸಿನಲ್ಲಿ ಸಣ್ಣವ, ಅಪ್ಪನನ್ನು ಶೇಖರಣ್ಣ ಎನ್ನುತ್ತಾನೆ. ಆಗುತ್ತದೆ ಶೇಖರಣ್ಣ, ಯಾರಿಗೂ ಆಗುತ್ತದೆ ಎಂದ. ಆದರೆ ಹೋಗುವಾಗ ಮೆಟ್ಟಿಲ ಮೇಲೆ ನಿಂತು, ಬೋಟಿನಲ್ಲಿ ಹುಡುಗರು ಮಾತಾಡಿಕೊಳ್ಳುತ್ತಾರೆ, ಇನ್ನೊಂದು ಸಲ ಆಗಬಾರದು ನೋಡಿ ಎಂದ. ಅಪ್ಪ ಅವನ ಮುಖ ಇದ್ದ ಕಡೆಗಿಂತ ಸ್ವಲ್ಪ ಆಚೆ ನೋಡುತ್ತಾ ಹೂಂ ಎಂದರು.

ಎರಡು ದಿನ ಕಳೆದು ಅಪ್ಪ ಕಾರ್ಕಳಕ್ಕೆ ಹೊರಟರು. ಬೆಳ್ಮಣ್ಣಿನ ದಾರಿಯ ಬಸ್ಸು ಹಿಡಿದು ಒಬ್ಬರೇ. ಹಳೆಯ ಪರಿಚಯದವರ ಮನೆಯಲ್ಲಿ ಗೃಹಪ್ರವೇಶ ಎಂದರು. ಕಾರ್ಕಳದಲ್ಲಿ ನಮಗೆ ಯಾರಿದ್ದಾರೆ ಎಂದು ಅಜ್ಜಿ ಕೇಳುವಾಗ ಅವರು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಾಗಿತ್ತು. ಸಂಜೆ ಬಂದವರು ಊಟ ಬೇಡ ಎಂದರು. ಗೃಹಪ್ರವೇಶದ ಊಟ ಗಟ್ಟಿಯಾಯಿತಾ ಎಂದು ಅಜ್ಜಿ ಮತ್ತೆ ಕೇಳಿದರು.

ಮರುದಿನ ಬಟ್ಟೆ ಒಗೆಯಲು ಹಾಕುವಾಗ ಕಿಸೆಗಳನ್ನು ನೋಡು ಎಂದು ಅಮ್ಮ ಜಿತೇಶನಿಗೆ ಹೇಳಿದ್ದರು. ಅಪ್ಪನ ಬಿಳಿ ಅಂಗಿಯ ಕಿಸೆಯಲ್ಲಿ ಎರಡು ಬಸ್ ಟಿಕೆಟು, ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ. ಕಾರ್ಕಳದ ಕಣ್ಣಿನ ಡಾಕ್ಟರದ್ದು. ಹೆಸರು, ವಯಸ್ಸು, ಕೆಳಗೆ ಓದಲಾಗದ ಇಂಗ್ಲಿಷ್ ಅಕ್ಷರ, ಒಂದು ಇಂಜೆಕ್ಷನಿನ ಹೆಸರು. ಕನ್ನಡಕಕ್ಕೆ ಇರಬೇಕು ಎಂದುಕೊಂಡ. ಆದರೆ ಉಡುಪಿಯಲ್ಲಿ, ಮಣಿಪಾಲದಲ್ಲಿ ಇಷ್ಟು ಡಾಕ್ಟರುಗಳು ಇರುವಾಗ, ಮೀನುಗಾರರು ಯಾರೂ ಹೋಗದ ಕಾರ್ಕಳಕ್ಕೆ ಯಾಕೆ? ಗೃಹಪ್ರವೇಶ ಎಂದು ಯಾಕೆ? ಕೇಳೋಣವೆಂದರೆ ಮಾತು ಬಿಟ್ಟಿದೆ. ಚೀಟಿಯನ್ನು ಅಮ್ಮನಿಗೆ ಕೊಟ್ಟ. ಅಮ್ಮ ಬಿಡಿಸಿ ನೋಡದೆ ಸೆರಗಿನ ತುದಿಗೆ ಕಟ್ಟಿಕೊಂಡು, ಹಿಂಡಿದ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದರು.

ಪ್ರದರ್ಶನ ಶನಿವಾರ ನಾಲ್ಕು ಗಂಟೆಗೆ. ಶುಕ್ರವಾರವೇ ಕಾರ್ಡು ಅಂಟಿಸಿ ಬಂದಿದ್ದ. ಶನಿವಾರ ಮಧ್ಯಾಹ್ನ ಕರಿಬಸವ ಬಂದ. ಕೊಪ್ಪಳದ ಕಡೆಯವನು, ಮೂವತ್ತೈದರ ಹತ್ತಿರ. ಇಪ್ಪತ್ತು ವರ್ಷ ಆಗುವ ತನಕ ಕಡಲು ನೋಡಿದವನಲ್ಲ. ಅಪ್ಪ ಸ್ನಾನಕ್ಕೆ ಹೋಗಿದ್ದರು. ಬಾಳೆಎಲೆಯಲ್ಲಿ ಸುತ್ತಿದ ಮೀನನ್ನು ಅಜ್ಜಿಯ ಕೈಗೆ ಕೊಟ್ಟು ಅಂಗಳದಲ್ಲಿ ನಿಂತವನು ಜಿತೇಶನನ್ನು ಕರೆದ.

"ತಮ್ಮಾ, ಕಾರ್ಕಳದ ಡಾಕ್ಟರ್ ಏನಂದ್ರು? ತಾಂಡೇಲ್ರು ನಂಗೇನೂ ಹೇಳವಲ್ರು."

ತನಗೆ ಗೊತ್ತಿಲ್ಲ ಎಂದ ಜಿತೇಶ್.

"ನೀ ಕರ್ಕೊಂಡು ಹೋಗಿದ್ದಿ ಅಂದ್ಕೊಂಡಿದ್ದೆ" ಎಂದು ಕರಿಬಸವ ಧ್ವನಿ ತಗ್ಗಿಸಿದ. "ಒಬ್ರ ಹೋಗಿದ್ರಾ? ಆ ಕಣ್ಣಾಗ?"

"ಯಾವ ಕಣ್ಣು?"

ಕರಿಬಸವ ಬಚ್ಚಲಿನ ಕಡೆ ಒಮ್ಮೆ ನೋಡಿದ. ಹೇಳಬೇಕೋ ಬೇಡವೋ ಎಂದು ನಿಂತ. ಆಮೇಲೆ ಹೇಳಿದ. ಹೋದ ವರ್ಷದಿಂದ ತಾಂಡೇಲರಿಗೆ ನೋಟದ ನಡುವೆ ಏನೂ ಕಾಣುವುದಿಲ್ಲ, ಅಂಚು ಮಾತ್ರ ಮಸುಕು ಮಸುಕಾಗಿ ಕಾಣುತ್ತದೆ. ಸಕ್ಕರೆಯಿಂದ ಆದದ್ದಂತೆ. ಬೋಟಿನಲ್ಲಿ ಅವರ ಪಕ್ಕ ನಿಂತು ನೀರು ಎಲ್ಲಿ ಕೆಂಪಗಿದೆ, ಎಲ್ಲಿ ಕರ್ರಗಿದೆ, ಹಕ್ಕಿ ಎತ್ತ ಇಳಿಯುತ್ತದೆ ಎಂದು ತಾನು ಮೆಲ್ಲಗೆ ಹೇಳುತ್ತೇನೆ. ಅಷ್ಟು ಕೇಳಿ ಅವರು ಬಲೆ ಎಂದರೆ ಮೀನು ಇದ್ದೇ ಇರುತ್ತದೆ.

"ಬಲಿ ಹರದ ದಿನ ನಾ ಜ್ವರ ಬಂದು ಮಲಗಿದ್ದೆ. ಹರ್ಷಿತ್ ಸಾವ್ಕಾರ್ರಿಗೆ ಗೊತ್ತಾದ್ರ ಮುಗೀತು. ಈ ಸೀಸನ್ ದಾಟಲಿ, ಆಮ್ಯಾಲ ನಾನ ಬಿಡ್ತೀನಿ ಅಂದಾರ. ಯಾರ ಮುಂದೂ ಬಾಯಿ ಬಿಡಬ್ಯಾಡ."

ಬಚ್ಚಲಿನಲ್ಲಿ ನೀರು ಹೊಯ್ಯುವ ಸದ್ದು ನಿಂತಿತು. ಕರಿಬಸವ ಹೊರಟುಹೋದ.

ಜಿತೇಶ್ ಅಂಗಳದಲ್ಲೇ ಉಳಿದ. ಹೆಬ್ಬೆರಳಿನಿಂದ ಕಾಗದ ತಿಕ್ಕಿದ್ದು. ಚೆಂಬು. ಸಾರು ಬಲಕ್ಕೆ ಉಂಟು. ಒಂದೊಂದೂ ನೆನಪಾಯಿತು. ನಿಜವಾದ ಮೀನು ಕೈಗೆ ಕೊಟ್ಟಿದ್ದರೆ ಅಪ್ಪ ಮುಟ್ಟಿಯೇ ಹೇಳುತ್ತಿದ್ದರು. ಕಾಗದದಲ್ಲಿ ಮುಟ್ಟಲು ಏನಿದೆ? ಗೋಡೆಯಲ್ಲಿ ಅಂಟಿಸಿದ್ದ ಮೂರು ಕಾರ್ಡು ಆಮೇಲೆ ನೆನಪಾದದ್ದು. ಬಂದರಿನ ಯಾರೇ ಒಬ್ಬರು ಅದನ್ನು ಓದಿದರೆ ಸಾಕು.

ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲ ಮುಟ್ಟುವಾಗ ಎರಡೂವರೆ. ಟ್ರೆವರ್ ಸರ್ ಅತಿಥಿಗಳ ಜೊತೆ ಇದ್ದರು. ಕಾರ್ಡು ತೆಗೆಯುತ್ತೇನೆ ಎಂದದ್ದಕ್ಕೆ, ಹುಚ್ಚಾ ನಿನಗೆ, ಫೋಟೋಗ್ರಾಫರ್ ಬರುತ್ತಾನೆ, ಈಗ ಯಾವುದನ್ನೂ ಮುಟ್ಟಬೇಡ ಎಂದರು. ಅಪ್ಪನಿಗೆ ಬೇಸರವಾಗುತ್ತದೆ ಎಂದ. ಬೇಸರ ಆಗಲಿ, ಅದೂ ಕಲೆಯ ಭಾಗ ಎಂದರು. ನಿಜ ಹೇಳಿದರೆ ಸರ್ ಬಿಡಬಹುದಿತ್ತು. ಬಿಡದೆಯೂ ಇರಬಹುದಿತ್ತು, ನಿಜ ಅವರಿಗೆ ಇನ್ನೂ ಹೆಚ್ಚು ಹಿಡಿಸಿದರೆ? ಜಿತೇಶ್ ಕೈ ಕಟ್ಟಿ ಗೋಡೆಯ ಹತ್ತಿರ ನಿಂತ. ಎದುರಿಗೆ ಮೂರು ಅಚ್ಚು. ಜಪಾನಿಗೆ ಹೋಗುವ ದಾರಿಯೂ ಆ ಕಾರ್ಡುಗಳೇ, ಅಪ್ಪನನ್ನು ಬೋಟಿನಿಂದ ಇಳಿಸುವುದೂ ಆ ಕಾರ್ಡುಗಳೇ. ಇಳಿಯುವುದೇ ಒಳ್ಳೆಯದೋ ಏನೋ, ಮೂವತ್ತು ಜನ ಅವರನ್ನು ನಂಬಿ ಕಡಲಿಗೆ ಹೋಗುತ್ತಾರಲ್ಲ ಎಂಬ ಯೋಚನೆಯೂ ಬಂತು. ಯಾವುದು ಸರಿ ಎಂದು ತೀರ್ಮಾನ ಆಗುವ ಮೊದಲೇ ಮನೆಯವರು ಬಂದರು.

ಬಸ್ಸಿನಲ್ಲಿ ಬರುತ್ತಾರೆ ಎಂದುಕೊಂಡಿದ್ದ. ಹರ್ಷಿತ್ ತನ್ನ ಕಾರಿನಲ್ಲೇ ಕರೆತಂದಿದ್ದ, ತಾಂಡೇಲರ ಮಗನ ಚಿತ್ರ ಅಲ್ವಾ, ನಾನು ನೋಡದಿದ್ದರೆ ಹೇಗೆ ಎಂದು. ಅಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಅಪ್ಪನ ಮೊಣಕೈ ಹಿಡಿದಿದ್ದರು, ಜನಜಂಗುಳಿಗೆ ಎಂಬಂತೆ.

ಹರ್ಷಿತ್ ನೇರ ಮೊದಲ ಅಚ್ಚಿನ ಮುಂದೆ ನಿಂತ. "ಬಂಗುಡೆ ಎಷ್ಟು ಚೆಂದ ಬಂದಿದೆ ಮಾರಾಯ" ಎಂದವನು ಬಗ್ಗಿ ಕಾರ್ಡು ಓದಿದ. "ಬೂತಾಯಿ. ಶೇಖರ ತಾಂಡೇಲ." ನಕ್ಕ. ಮುಂದಿನದಕ್ಕೆ ಹೋದ. "ಅಂಜಲ್. ಇದು ಕೇದರ್ ಅಲ್ವಾ?" ಮೂರನೆಯದನ್ನು ಮನಸ್ಸಿನಲ್ಲೇ ಓದಿಕೊಂಡ. ನಗು ಕಡಿಮೆಯಾಯಿತು. ತಿರುಗಿ ಅಪ್ಪನನ್ನು ನೋಡಿದ. ಬಲೆ ಹರಿದ ದಿನ ಅವನಿಗೆ ನೆನಪಾಗುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.

"ಇದೆಂತ ಶೇಖರಣ್ಣ? ನೀವು ಹೇಳಿದ್ದಾ?"

ಅಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಅಮ್ಮನ ಕೈ ಅವರ ಮೊಣ‌ಕೈಯ ಮೇಲೆ ಬಿಗಿಯಾಯಿತು.

"ಅಪ್ಪ ಹೇಳಿದ್ದಲ್ಲ" ಎಂದ ಜಿತೇಶ್. "ನಾನು ಬರೆದದ್ದು. ಕಾಗದಗಳು ಹಿಂದೆ ಮುಂದೆ ಆದವು. ಗಡಿಬಿಡಿಯಲ್ಲಿ ಯಾವುದಕ್ಕೋ ಹೇಳಿದ್ದು ಯಾವುದಕ್ಕೋ ಬಂದಿದೆ."

"ಓದಿ ನೋಡದೆ ಅಂಟಿಸಿದೆಯಾ?"

"ನನಗೆ ಅಷ್ಟು ಗುರುತು ಸಿಗುವುದಿಲ್ಲ."

ಹರ್ಷಿತ್ ಅವನನ್ನು ಒಂದು ಗಳಿಗೆ ನೋಡಿದ. ಆಮೇಲೆ ದೊಡ್ಡದಾಗಿ ನಕ್ಕು ಅಪ್ಪನ ಬೆನ್ನು ತಟ್ಟಿದ. "ಕೇಳಿದಿರಾ ಶೇಖರಣ್ಣ, ತಾಂಡೇಲನ ಮಗನಿಗೆ ಬಂಗುಡೆ ಬೂತಾಯಿ ವ್ಯತ್ಯಾಸ ಗೊತ್ತಿಲ್ಲ. ಇವನನ್ನು ಹದಿನೈದು ದಿನ ಬೋಟಿಗೆ ಹಾಕಿ." ಸುತ್ತ ನಿಂತಿದ್ದವರೂ ನಕ್ಕರು. ಕಾಲೇಜಿನ ಹುಡುಗಿಯರು ನಕ್ಕರು. ಅಮ್ಮನೂ ನಕ್ಕರು, ಎಲ್ಲರಿಗಿಂತ ಸ್ವಲ್ಪ ತಡವಾಗಿ. ಮಾರ್ಕೆಟಿನಲ್ಲಿ ಮೀನು ಮಾರುವ ನಾನು ದಿನಾ ತಂದು ಹಾಕಿದ್ದು ದಂಡ ಎಂದು ಜೋರಾಗಿ ಹೇಳಿದರು. ಮೀನು ಮಾರುವವಳು ಎಂದು ಅವರೇ ಹೇಳಿಕೊಂಡದ್ದು ಇಡೀ ಹಾಲಿಗೆ ಕೇಳಿಸಿತು.

ಜಿತೇಶ್ ಮೂರು ಕಾರ್ಡುಗಳನ್ನೂ ಉಗುರಿನಿಂದ ಎಬ್ಬಿಸಿ ತೆಗೆದ. ಟ್ರೆವರ್ ಸರ್ ಹತ್ತಿರ ಬಂದು, ನನಗೆ ನೀನು ಬೇರೆಯೇ ಹೇಳಿದ್ದೆಯಲ್ಲ ಎಂದರು.

"ಸುಳ್ಳು ಹೇಳಿದ್ದೆ ಸರ್."

ಸರ್ ಜಪಾನಿಗೆ ಕಳಿಸಿದ ಫೋಟೋಗಳಲ್ಲಿ ಜಿತೇಶನ ಅಚ್ಚುಗಳೂ ಇದ್ದವು, ಹೆಸರಿಲ್ಲದೆ, ಹಿಡಿದವನ ಮಾತಿಲ್ಲದೆ. ನವೆಂಬರಿನಲ್ಲಿ ಉತ್ತರ ಬಂತು. ಕಲ್ಯಾಣಪುರದ ಒಬ್ಬ ಹುಡುಗಿ ಆಯ್ಕೆಯಾಗಿದ್ದಳು. ಪಾಸ್‌ಪೋರ್ಟು ಅದರ ಮರುದಿನ ಅಂಚೆಯಲ್ಲಿ ಬಂತು. ಅಜ್ಜಿ ಅದನ್ನು ತಿರುವಿ, ಫೋಟೋ ಚೆನ್ನಾಗಿ ಬಂದಿದೆ ಎಂದು ದೇವರ ಹಲಗೆಯ ಮೇಲೆ ಇಟ್ಟರು.

ಅಷ್ಟರಲ್ಲಿ ಅಪ್ಪ ಬೋಟು ಬಿಟ್ಟಿದ್ದರು. ಸೀಸನ್ ಮುಗಿಯಲು ಕಾಯಲಿಲ್ಲ. ಪ್ರದರ್ಶನ ಆಗಿ ನಾಲ್ಕನೆಯ ದಿನ ಹರ್ಷಿತನ ಮನೆಗೆ ಹೋಗಿ ಮೊಣಕಾಲು ನೋವು, ಅಲೆಗೆ ನಿಲ್ಲಲು ಆಗುವುದಿಲ್ಲ ಎಂದು ಹೇಳಿ ಬಂದರು. ಹರ್ಷಿತ್ ಒತ್ತಾಯ ಮಾಡಿದನಂತೆ, ಒಪ್ಪಲಿಲ್ಲ. ಈಗ ಅವರು ಬಂದರಿನಲ್ಲಿ ಬಲೆ ಹೆಣೆಯುವವರ ಜೊತೆ ಕೂರುತ್ತಾರೆ. ಬಲೆ ಹೆಣೆಯಲು ಬೆರಳು ಸಾಕು. ಬೆಳಿಗ್ಗೆ ಕತ್ತಲೆಯಲ್ಲೇ ಕರಿಬಸವನ ಬೈಕು ಬರುತ್ತದೆ, ಸಂಜೆ ಆರಕ್ಕೆ ಮನೆಗೆ ತಂದು ಬಿಡುತ್ತದೆ. ಮೊಣಕಾಲಿಗೆ ಅಜ್ಜಿ ದಿನಾ ಎಣ್ಣೆ ತಿಕ್ಕುತ್ತಾರೆ. ಇಲ್ಲದ ನೋವಿಗೆ ಅಪ್ಪ ಕಾಲು ಚಾಚಿ ಕೂರುತ್ತಾರೆ.

ಡಿಸೆಂಬರಿನ ಒಂದು ಭಾನುವಾರ ಅಮ್ಮ ದೊಡ್ಡದೊಂದು ಮೀನು ತಂದರು. ಜಪಾನಿನ ಕಾಗದ ಮುಗಿದಿತ್ತು. ಜಿತೇಶ್ ಅಪ್ಪನ ಹಳೆಯ ಬಿಳಿ ಮುಂಡನ್ನು ಹರಿದು ಒದ್ದೆ ಮಾಡಿ ಶಾಯಿ ಹಚ್ಚಿದ ಮೀನಿನ ಮೇಲೆ ಹಾಸಿದ. ಆಮೇಲೆ ಚಾವಡಿಯ ಕಡೆ ತಿರುಗಿ ಕರೆದ.

"ಅಪ್ಪ, ನನ್ನ ಒತ್ತು ಸಾಲುವುದಿಲ್ಲ. ನೀವು ಸ್ವಲ್ಪ ಬನ್ನಿ."

ಅಪ್ಪ ಬಂದು ಕೂತರು. ಜಿತೇಶ್ ಅವರ ಕೈಯನ್ನು ಬಟ್ಟೆಯ ಮೇಲೆ ಇಟ್ಟ. ಬೆರಳುಗಳು ಮೊದಲು ಸುಮ್ಮನಿದ್ದವು. ಆಮೇಲೆ ಕಿವಿರಿನಿಂದ ಹೊರಟು ಬೆನ್ನಿನ ಮುಳ್ಳು ಎಣಿಸುತ್ತಾ ಬಾಲದ ತನಕ ಹೋದವು.

"ಮುರು. ನಾಲ್ಕು ಕಿಲೋಗೆ ಸ್ವಲ್ಪ ಕಡಿಮೆ. ಗಾಳದ್ದು, ಬಲೆಯದ್ದಲ್ಲ. ಬಾಯಿ ಹರಿದಿದೆ." ಬೆರಳು ತಲೆಗೆ ಮರಳಿ ಒಂದು ಕಡೆ ನಿಂತಿತು. "ಇಲ್ಲಿ ಕಣ್ಣು."

"ಅದನ್ನು ಒತ್ತುವುದಿಲ್ಲ. ಆಮೇಲೆ ಬರೆಯುವುದು."

ಅಪ್ಪ ಹೂಂ ಎಂದರು. ಬೆರಳನ್ನು ಅಲ್ಲಿಂದ ತೆಗೆದು ರೆಕ್ಕೆಯ ಕಡೆ ಒತ್ತತೊಡಗಿದರು. ಒಳಗಿನಿಂದ ಅಜ್ಜಿ, ಇವತ್ತಾದರೂ ಹನ್ನೆರಡರ ಒಳಗೆ ಮೀನು ಸಿಗಬಹುದಾ ಎಂದು ಕೇಳಿದರು.

"ಅವತ್ತು ಮಣಿಪಾಲದಲ್ಲಿ" ಎಂದರು ಅಪ್ಪ, ಒತ್ತುವುದನ್ನು ನಿಲ್ಲಿಸದೆ. "ನೀನೇ ತಪ್ಪು ಬರೆದದ್ದಾ?"

"ಹೌದು ಅಪ್ಪ. ಗಡಿಬಿಡಿಯಲ್ಲಿ."

"ಗಡಿಬಿಡಿ ಮಾಡಬಾರದು."

ಬಟ್ಟೆ ಎತ್ತಿದಾಗ ಅಚ್ಚು ಚೆನ್ನಾಗಿ ಬಂದಿತ್ತು. ಒಣಗಿದ ಮೇಲೆ ಅದರ ಕೆಳಗೆ ಅಪ್ಪ ಹೇಳಿದ್ದನ್ನು ಅಪ್ಪನ ಹೆಸರಿನ ಜೊತೆ ಬರೆದ. ಕಣ್ಣು ಬರೆಯಬೇಕೋ ಬೇಡವೋ ಎಂದು ತಿಳಿಯದೆ ಹಾಗೆಯೇ ಬಿಟ್ಟ. ಅದು ಈಗ ಅಜ್ಜನ ಫೋಟೋದ ಪಕ್ಕ ಉಂಟು.

ಕಾರ್ಕಳದ ಚೀಟಿ ನೋಡಿದ್ದನ್ನು, ಕರಿಬಸವ ಎಲ್ಲ ತಿಳಿಸಿದ್ದನ್ನು, ಊಟದ ಹೊತ್ತಿನಲ್ಲಿ ಆಡಿದ ಆ ಮಾತು ತನ್ನ ತಪ್ಪು ಎಂಬುದನ್ನು ಜಿತೇಶ್ ಅಪ್ಪನಿಗೆ ಯಾವತ್ತೂ ಹೇಳಲಿಲ್ಲ.